ಎಸ್ಸೆಸ್ಸೆಲ್ಸಿ ಇರಲಿ, ಮೊದಲು ಡೇರಿಗೆ ಒಬ್ಬನೇ ಹೋಗಲಿ

ಪ್ರಶ್ನೆ: ಮೇಡಂ, ನಾವು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯವರು. ತೆಂಗು, ರಾಗಿ, ಎರಡು ಹಸು ಇವೆ. ಮಗನಿಗೆ 15 ವರ್ಷ, ಡೌನ್ ಸಿಂಡ್ರೋಮ್ ಇದೆ. ಸರ್ಟಿಫಿಕೇಟಿನಲ್ಲಿ ಶೇ 75 ಎಂದು ಬರೆದಿದ್ದಾರೆ. ‘ಆರು ವರ್ಷದ ಮಗುವಿನ ಬುದ್ಧಿ’ ಎಂದೂ ಹೇಳಿದರು. ಊರಿನ ಶಾಲೆಯಲ್ಲಿ ಏಳನೇ ತರಗತಿವರೆಗೆ ಖುಷಿಯಾಗಿಯೇ ಇದ್ದ. ಈಗ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಹೆಸರು ಬರೆಯುತ್ತಾನೆ, ಬಸ್ಸಿನ ಬೋರ್ಡ್ ಗುರುತಿಸುತ್ತಾನೆ, ಮೊಬೈಲಿನಲ್ಲಿ ಬೇಕಾದ ಹಾಡು ಹುಡುಕಿಕೊಳ್ಳುತ್ತಾನೆ. ಪಾಠ ಓದಲು ಬರುವುದಿಲ್ಲ. ‘ರಿಸಲ್ಟ್ ಹಾಳಾಗುತ್ತೆ, ಟಿಸಿ ತಗೊಂಡು ಹೋಗಿ’ ಎಂದು ಶಾಲೆಯಲ್ಲಿ ಹೇಳುತ್ತಿದ್ದಾರೆ. ಆರು ತಿಂಗಳಿಂದ ಮಂಕಾಗಿದ್ದಾನೆ, ದಪ್ಪ ಆಗಿದ್ದಾನೆ, ಹಟ ಜಾಸ್ತಿ. ಕಂಡವರನ್ನೆಲ್ಲ ತಬ್ಬಿಕೊಳ್ಳುವ ಅಭ್ಯಾಸ ಬೇರೆ. ಮನೆಯವರು, ಸುಮ್ನೆ ಮನೆಯಲ್ಲೇ ಇರಲಿ ಅಂತಾರೆ. ಅತ್ತೆ, ಮುಂದೆ ಮದುವೆ ಮಾಡಿದರೆ ಸರಿಹೋಗ್ತಾನೆ ಅಂತಾರೆ. ಮಗಳು ಹಾಸನದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ತಮ್ಮನನ್ನು ನಾನೇ ನೋಡ್ಕೋತೀನಿ ಅಂತಾಳೆ. ಇವನಿಗೆ ಎಸ್ಸೆಸ್ಸೆಲ್ಸಿ ಕಟ್ಟಿಸಬೇಕಾ, ಬಿಡಿಸಬೇಕಾ? ನಾವಿಲ್ಲದ ಮೇಲೆ ಇವನ ಗತಿ ಏನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಒಂದು ಬರುವ ವರ್ಷದ ಪರೀಕ್ಷೆಯದು. ಇನ್ನೊಂದು ಮುಂದಿನ ನಲವತ್ತು ವರ್ಷದ್ದು. ನಮ್ಮಲ್ಲಿ ಹೆಚ್ಚಿನ ಮನೆಗಳು ಮೊದಲನೆಯದರಲ್ಲೇ ಮುಳುಗಿ, ಎರಡನೆಯದನ್ನು ರಾತ್ರಿ ನಿದ್ದೆ ಬಾರದ ಹೊತ್ತಿಗೆ ಇಟ್ಟುಕೊಂಡಿರುತ್ತವೆ. ನಾನು ಎರಡನೆಯದರಿಂದ ಹಿಂದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ರಕ್ತ ಪರೀಕ್ಷೆ ಆಗಲಿ.

ಮಂಕು, ತೂಕ, ಹಟ. ಈ ಮೂರೂ ಒಟ್ಟಿಗೆ ಬಂದರೆ ನಾನು ಪುಸ್ತಕ ಮುಚ್ಚಿ ಥೈರಾಯ್ಡ್ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಬೇರೆಯವರಿಗಿಂತ ಜಾಸ್ತಿ. ಹಾಗಾಗಿ ವರ್ಷಕ್ಕೊಮ್ಮೆ ಟಿಎಸ್‌ಎಚ್, ಅಂದರೆ ಥೈರಾಯ್ಡಿನ ರಕ್ತ ಪರೀಕ್ಷೆ ಮಾಡಿಸಬೇಕು. ಕಣ್ಣು, ಕಿವಿ ಕೂಡ ನೋಡಿಸಿ. ಹಿಂದಿನ ಬೆಂಚಿನಲ್ಲಿ ಕೂತ ಹುಡುಗನಿಗೆ ಬೋರ್ಡೇ ಕಾಣದಿದ್ದರೆ, ಮೇಷ್ಟ್ರ ಮಾತೇ ಕೇಳದಿದ್ದರೆ, ಅದನ್ನು ‘ಬುದ್ಧಿ ಇಲ್ಲ’ ಎಂದು ಬರೆದುಬಿಡುತ್ತೇವೆ. ರಾತ್ರಿ ಜೋರಾಗಿ ಗೊರಕೆ ಹೊಡೆದು, ಉಸಿರು ಕಟ್ಟಿದಂತೆ ಆಗಿ ಎಚ್ಚರಾಗುತ್ತಾನಾ ಗಮನಿಸಿ. ನಿದ್ದೆ ಕೆಟ್ಟವರಿಗೆ ಹಗಲು ಮಂಕು, ಸಿಡುಕು ಎರಡೂ ಇರುತ್ತವೆ. ನಡಿಗೆ ಬದಲಾಗಿದ್ದರೆ, ಕೈಕಾಲು ಸೋತಂತೆ ಆಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕುತ್ತಿಗೆಯ ಮೂಳೆ ಸಡಿಲ ಇರುವ ಮಕ್ಕಳಿರುತ್ತಾರೆ. ಮಗ ಹಟಮಾರಿಯಾದ ಎಂದು ವರ್ಷಗಟ್ಟಲೆ ಬೈಸಿಕೊಂಡು, ಕೊನೆಗೆ ಒಂದು ಸಣ್ಣ ಮಾತ್ರೆಯಿಂದ ಮತ್ತೆ ನಗತೊಡಗಿದ ಮಕ್ಕಳನ್ನು ನಾನು ನೋಡಿದ್ದೇನೆ.

ಈಗ ‘ಶೇ 75’ ಮತ್ತು ‘ಆರು ವರ್ಷದ ಬುದ್ಧಿ’. ಶೇ 75 ಅಂದರೆ ಮುಕ್ಕಾಲು ಭಾಗ ಬುದ್ಧಿ ಇಲ್ಲ ಅಂತಲ್ಲ. ದಿನನಿತ್ಯದ ಕೆಲಸ, ಮಾತುಕತೆ, ಓಡಾಟ ಎಷ್ಟು ಬರುತ್ತದೆ ಎಂದು ನಿಮ್ಮನ್ನು ಕೇಳಿ ಒಂದು ಅಂಕ ಹಾಕುತ್ತಾರೆ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಆ ಅಂಕ 36ರಿಂದ 54ರೊಳಗೆ ಬಂದರೆ ಶೇ 75 ಎಂದು ಬರೆಯಬೇಕು ಅಂತಿತ್ತು. ಪಿಂಚಣಿಗೆ, ಪಾಸಿಗೆ ಬೇಕಾದ ಲೆಕ್ಕ ಅದು. ಇನ್ನು ‘ಆರು ವರ್ಷ’ ಅನ್ನುವುದು ಬುದ್ಧಿಮಟ್ಟದ ಪರೀಕ್ಷೆಯ ಭಾಷೆ. ಬಿನೆ–ಕಾಮತ್ ಎನ್ನುವ ಪರೀಕ್ಷೆಯ ಹೆಸರು ಕೇಳಿರಬಹುದು. ಅದು ನಮ್ಮ ಧಾರವಾಡದ್ದೇ. ವಿ.ವಿ. ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಪ್ರಶ್ನೆಗಳಿಗೆ ಉತ್ತರ ಹೇಳುವುದರಲ್ಲಿ ಆರು ವರ್ಷದ ಮಗುವಿನಷ್ಟು ಬಂತು ಅನ್ನುವುದಷ್ಟೇ ಅದರ ಅರ್ಥ. ನಿಮ್ಮ ಮಗನಿಗೆ ಹದಿನೈದು ವರ್ಷದ ಮೈ ಇದೆ, ಹದಿನೈದು ವರ್ಷದ ಅನುಭವ ಇದೆ, ಹದಿನೈದು ವರ್ಷದ ರೋಷವೂ ಇದೆ. ಆರು ವರ್ಷದವನು ಎಂದು ತುತ್ತು ಕೊಟ್ಟು, ಸ್ನಾನ ಮಾಡಿಸಿ, ಚಡ್ಡಿ ತೊಡಿಸುತ್ತಿದ್ದರೆ ಅವನು ಹಟ ಮಾಡದೆ ಇನ್ನೇನು ಮಾಡುತ್ತಾನೆ?

ಟಿಸಿ ವಿಷಯ ಬೇಗ ಮುಗಿಸುತ್ತೇನೆ. ತೆಗೆದುಕೊಳ್ಳಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಶಾಲೆಯಲ್ಲಾಗಬೇಕಾ, ವಿಶೇಷ ಶಾಲೆಯಲ್ಲಾಗಬೇಕಾ ಎನ್ನುವ ಆಯ್ಕೆ ನಿಮ್ಮದು, ಶಾಲೆಯದ್ದಲ್ಲ. ಟಿಸಿ ತಗೊಳ್ಳಿ ಅಂದರೆ, ‘ಕಾರಣ ಬರೆದುಕೊಡಿ ಸಾರ್’ ಎಂದು ಮೆಲ್ಲಗೆ ಕೇಳಿ. ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಇದ್ದಾರೆ, ಅವರಾಚೆ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿದ್ದಾರೆ. ಜಗಳಕ್ಕೆ ಇಳಿಯುವ ಮೊದಲು ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ನೋಡಿ. ಅವರು ‘ಗೃಹಾಧಾರಿತ ಶಿಕ್ಷಣಕ್ಕೆ ಹಾಕೋಣ’ ಅಂದರೆ ಒಪ್ಪಬೇಡಿ. ಅದು ತೀವ್ರ ಅಂಗವೈಕಲ್ಯದಿಂದ ಶಾಲೆಗೆ ಬರಲೇ ಆಗದ ಮಕ್ಕಳಿಗೆ. ಬಸ್ ಬೋರ್ಡ್ ಗುರುತಿಸುವ ಹುಡುಗನಿಗಲ್ಲ.

ಹಾಗಾದರೆ ಎಸ್ಸೆಸ್ಸೆಲ್ಸಿ? ನನ್ನದೇ ಒಂದು ತಪ್ಪು ಹೇಳುತ್ತೇನೆ. ವಿಶೇಷ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಒಬ್ಬ ಹುಡುಗಿಯನ್ನು ಪಾಸು ಮಾಡಿಸಿಯೇ ತೀರುತ್ತೇನೆ ಎಂದು ಹೊರಟಿದ್ದೆ. ಎರಡು ವರ್ಷ ಬರೀ ಪ್ರಶ್ನೋತ್ತರ ಬಾಯಿಪಾಠ. ಕೊನೆಗೆ ಪಾಸಾದಳು. ಊರಲ್ಲಿ ಸಿಹಿ ಹಂಚಿದರು. ಆಮೇಲೆ ಅವಳಮ್ಮ ಬಂದು ಕೇಳಿದರು: ‘ಮೇಡಂ, ಈಗೇನು ಮಾಡೋದು?’ ಆ ಹುಡುಗಿಗೆ ಇಪ್ಪತ್ತರ ನೋಟು, ಇನ್ನೂರರ ನೋಟು ಬೇರೆಬೇರೆ ಎಂದು ಗೊತ್ತಿರಲಿಲ್ಲ. ಮುಟ್ಟಿನ ಬಟ್ಟೆ ತಾನೇ ಬದಲಿಸಿಕೊಳ್ಳಲು ಬರುತ್ತಿರಲಿಲ್ಲ. ಆ ಎರಡು ವರ್ಷ ಅವಳಿಗೆ ವಾಪಸ್ ಕೊಡುವ ದಾರಿ ನನ್ನ ಹತ್ತಿರ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನಿಧಾನವಾಗಿಯಾದರೂ ಓದಿ ಅರ್ಥ ಮಾಡಿಕೊಳ್ಳುವ ಮಕ್ಕಳಿಗೆ ಅದು ಬೇಕು. ಅಂಥವರಿಗೆ ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಭಾಷೆಯಲ್ಲಿ ವಿನಾಯಿತಿ ಇವೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ಜೊತೆಗೇ ಸಮಾಜಶಾಸ್ತ್ರ, ವಿಜ್ಞಾನದ ಜೊತೆಗೇ ರಾಜ್ಯಶಾಸ್ತ್ರ, ಸಂಗೀತ ಇರುವುದನ್ನು ನೋಡಿರಬಹುದು. ಗಣಿತ, ವಿಜ್ಞಾನದ ಬದಲು ಅವನ್ನು ಬರೆಯಲು ಇಂಥ ಮಕ್ಕಳಿಗಾಗಿ ಇಟ್ಟ ದಾರಿ ಅದು. ಇದನ್ನೆಲ್ಲ ನೋಂದಣಿ ಸಮಯದಲ್ಲೇ ಮುಖ್ಯ ಶಿಕ್ಷಕರ ಮೂಲಕ ಕೇಳಬೇಕು, ಪರೀಕ್ಷೆ ಹತ್ತಿರ ಬಂದಾಗ ಕೇಳಿದರೆ ಆಗುವುದಿಲ್ಲ. ಇನ್ನೊಂದು ದಾರಿ ಎನ್‌ಐಒಎಸ್, ರಾಷ್ಟ್ರೀಯ ಮುಕ್ತ ಶಾಲೆ. ಅಲ್ಲಿ ಐದು ವಿಷಯ ಸಾಕು. ಐದು ವರ್ಷದಲ್ಲಿ ಒಂಬತ್ತು ಸಲ ಬರೆಯಬಹುದು, ಪಾಸಾದ ವಿಷಯ ಉಳಿಯುತ್ತದೆ. ಅದಕ್ಕಿಂತ ಕೆಳಗೆ 3, 5, 8ನೇ ತರಗತಿಗೆ ಸಮನಾದ ಹಂತಗಳೂ ಅಲ್ಲೇ ಇವೆ. ‘ಗ್ಯಾರಂಟಿ ಪಾಸ್’ ಎಂದು ದುಡ್ಡು ಕೇಳುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ. ಯಾವ ಭಾಷೆಯಲ್ಲಿ ಬರೆಯಬಹುದು ಎಂದು ಸೇರುವ ಮೊದಲೇ ಕೇಳಿಕೊಳ್ಳಿ.

ನೀವು ಬರೆದಿದ್ದನ್ನು ನೋಡಿದರೆ ನಿಮ್ಮ ಮಗನಿಗೆ ಎಸ್ಸೆಸ್ಸೆಲ್ಸಿ ಗುರಿಯಾಗಬಾರದು ಎಂದೇ ನನಗೆ ಅನ್ನಿಸುತ್ತದೆ. ಆದರೆ ಶಾಲೆ ಬೇಕು. ಯೂನಿಫಾರ್ಮ್ ಹಾಕಿಕೊಂಡು ಗೆಳೆಯರ ಜೊತೆ ಹೋಗಿ ಬರುವುದು, ಬಿಸಿಯೂಟಕ್ಕೆ ಸಾಲಿನಲ್ಲಿ ನಿಲ್ಲುವುದು, ಇದ್ಯಾವುದೂ ಮನೆಯಲ್ಲಿ ಸಿಗುವುದಿಲ್ಲ. ಹತ್ತನೇ ತರಗತಿ ಮುಗಿಯುವವರೆಗೆ ಅಲ್ಲೇ ಇರಲಿ. ಪರೀಕ್ಷೆಗೆ ಕೂರುತ್ತೇನೆ ಅಂದರೆ ಕೂರಲಿ, ಬಂದಷ್ಟು ಬರೆಯಲಿ. ಮನೆಗೆ ಟ್ಯೂಷನ್ ಮಾತ್ರ ಇಡಬೇಡಿ. ಆ ಸಮಯ ನನಗೆ ಬೇರೆಯದಕ್ಕೆ ಬೇಕು.

ಒಂದು ಕೆಲಸ ಮಾಡಿ. ನೀವು, ನಿಮ್ಮ ಮನೆಯವರು ಕೂತು, ಮಗನಿಗೆ ಇಪ್ಪತ್ತೈದು ವರ್ಷ ಆದಾಗ ಒಂದು ಮಂಗಳವಾರ ಹೇಗಿರಬೇಕು ಎಂದು ಬರೆಯಿರಿ. ಬೆಳಗ್ಗೆ ಎದ್ದು ಯಾರು ಸ್ನಾನ ಮಾಡಿಸುತ್ತಾರೆ? ಎಲ್ಲಿಗೆ ಹೋಗುತ್ತಾನೆ? ಹೇಗೆ ಹೋಗುತ್ತಾನೆ? ಯಾರ ಜೊತೆ ಮಾತಾಡುತ್ತಾನೆ? ದುಡ್ಡು ಯಾರ ಕೈಯಲ್ಲಿ? ಸಂಜೆ ಏನು? ಆ ದಿನಕ್ಕೆ ಬೇಕಾದ್ದರಲ್ಲಿ ಇವತ್ತು ಏನೇನು ಬರುವುದಿಲ್ಲವೋ ಅದೇ ನಿಮ್ಮ ಸಿಲಬಸ್. ವಿಶೇಷ ಶಾಲೆಗಳಲ್ಲಿ ಹದಿನೈದು ದಾಟಿದವರನ್ನು ‘ಪ್ರೀ-ವೊಕೇಷನಲ್’, ಅಂದರೆ ಕೆಲಸಕ್ಕೆ ಸಿದ್ಧಗೊಳಿಸುವ ಗುಂಪಿಗೆ ಹಾಕಿ ನಾವು ಕಲಿಸುವುದು ಇದನ್ನೇ. ಇದಕ್ಕೆ ಕಟ್ಟಡ ಬೇಕಿಲ್ಲ. ನಿಮಗೆ ಸಿಗುವ ಪಾಠಶಾಲೆಗಳಲ್ಲಿ ಅತ್ಯುತ್ತಮವಾದದ್ದು ಹಾಲಿನ ಡೇರಿ.

ನಿಜ ಹೇಳುತ್ತಿದ್ದೇನೆ. ದಿನಕ್ಕೆರಡು ಸಲ, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಪರಿಚಯದವರ ನಡುವೆ ನಡೆಯುವ ಕೆಲಸ. ಇಂಥ ಮಕ್ಕಳು ಕಲಿಯುವುದು ಹೀಗೆಯೇ. ಕ್ಯಾನ್ ತೊಳೆಯುವುದು, ಹಾಲು ಹಿಡಿಯುವುದು, ರಸ್ತೆ ದಾಟುವುದು, ಸಾಲಿನಲ್ಲಿ ನಿಲ್ಲುವುದು, ನಂಬರ್ ಹೇಳುವುದು, ಹಾಲು ಸುರಿಯುವುದು, ಚೀಟಿ ಇಸಕೊಳ್ಳುವುದು, ಕ್ಯಾನ್ ಮುಚ್ಚಿ ವಾಪಸ್ ಬರುವುದು, ಚೀಟಿಯನ್ನು ಮೊಳೆಗೆ ಚುಚ್ಚುವುದು. ಒಂಬತ್ತು ಹೆಜ್ಜೆ. ಅಪ್ಪನ ಜೊತೆ ಹೋಗುವ ಮಕ್ಕಳನ್ನು ನೋಡಿದ್ದೇನೆ. ಅಪ್ಪ ಎಂಟೂವರೆ ಹೆಜ್ಜೆ ತಾನೇ ಮಾಡಿ, ಮಗನ ಕೈಗೆ ಖಾಲಿ ಕ್ಯಾನ್ ಕೊಟ್ಟಿರುತ್ತಾನೆ.

ಕೊನೆಯಿಂದ ಶುರು ಮಾಡಿ. ಎಲ್ಲವನ್ನೂ ಅಪ್ಪನೇ ಮಾಡಲಿ, ಚೀಟಿ ಮೊಳೆಗೆ ಚುಚ್ಚುವುದು ಮಾತ್ರ ಇವನು. ಅದು ಬಂದ ಮೇಲೆ ಕೊನೆಯ ತಿರುವಿನಿಂದ ಮನೆಯವರೆಗೆ ಒಬ್ಬನೇ ಬರಲಿ. ಆಮೇಲೆ ಚೀಟಿ ತಾನೇ ಇಸಕೊಳ್ಳಲಿ. ಹೀಗೆ ಹಿಂದಹಿಂದಕ್ಕೆ. ಮೊದಲಿನಿಂದ ಕಲಿಸಿದರೆ ಮಧ್ಯದಲ್ಲೇ ಎಡವಿ, ಬೈಸಿಕೊಂಡು, ಮುಗಿಸಿದ ಖುಷಿ ಸಿಗದೆ ಕೈಬಿಡುತ್ತಾರೆ. ಕೊನೆಯಿಂದ ಕಲಿತರೆ ಪ್ರತಿದಿನ ಕೆಲಸ ಮುಗಿಸಿದವನು ಅವನೇ ಆಗಿರುತ್ತಾನೆ.

ಕಲಿಸುವಾಗ ಬಾಯಿ ಕಡಿಮೆ ಇರಲಿ. ‘ಮುಚ್ಚಳ ಹಾಕು, ಹಾಕೋ, ಹಾಕು ಅಂದ್ನಲ್ಲ’ ಎಂದು ಹೇಳಿಕೊಟ್ಟರೆ, ಹಾಕು ಅಂದಾಗ ಮಾತ್ರ ಹಾಕುವವನಾಗುತ್ತಾನೆ. ನಾಳೆ ನೀವಿಲ್ಲದ ಕಡೆ ಹೇಳುವವರು ಯಾರು? ಬೆರಳು ತೋರಿಸಿ, ಮಾಡಿ ತೋರಿಸಿ, ಬೇಕಾದರೆ ಕೈ ಹಿಡಿದು ಮಾಡಿಸಿ, ಆಮೇಲೆ ಕೈ ಬಿಡಿ. ಡೌನ್ ಸಿಂಡ್ರೋಮ್ ಇರುವವರಿಗೆ ಸಾಮಾನ್ಯವಾಗಿ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪಿರುತ್ತದೆ. ಒಂಬತ್ತು ಹೆಜ್ಜೆಗೆ ಒಂಬತ್ತು ಫೋಟೊ ತೆಗೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ. ಏನಾದರೂ ಹೇಳಿದ ಮೇಲೆ ಹತ್ತು ಎಣಿಸುವವರೆಗೆ ಕಾಯಿರಿ. ನಾವು ಮೂರಕ್ಕೇ ತಾಳ್ಮೆ ಕಳೆದುಕೊಳ್ಳುತ್ತೇವೆ.

ಅಪಾಯ ಇಲ್ಲವೇ? ಇದೆ. ಹಾಲು ಚೆಲ್ಲುತ್ತದೆ. ಒಂದೆರಡು ಲೀಟರಿನ ಬೆಲೆಯನ್ನು ಫೀಸು ಅಂದುಕೊಳ್ಳಿ. ರಸ್ತೆ ಮಾತ್ರ ತಮಾಷೆಯಲ್ಲ. ಅದನ್ನು ಕೊನೆಯ ಪಾಠ ಮಾಡಿ. ತಿಂಗಳುಗಟ್ಟಲೆ ಹತ್ತು ಹೆಜ್ಜೆ ಹಿಂದೆ ನಡೆಯಿರಿ, ಆಮೇಲೆ ಅವನಿಗೆ ಕಾಣದಂತೆ ನಡೆಯಿರಿ. ಡೇರಿಯ ಕಾರ್ಯದರ್ಶಿಗೆ ಮೊದಲೇ ಹೇಳಿಡಿ: ಇವನ ಸರದಿ ಬಂದಾಗ ಅವಸರ ಮಾಡಬೇಡಿ, ಇವನ ಬದಲು ನೀವೂ ಮಾಡಬೇಡಿ. ಊರಿನ ಹುಡುಗರು ರೇಗಿಸುತ್ತಾರೆ. ಮನೆಯಲ್ಲಿ ಕೂಡಿಹಾಕಿದರೆ ರೇಗಿಸುವವರು ಕಡಿಮೆಯಾಗುತ್ತಾರೆ, ಆದರೆ ಬೆನ್ನಿಗೆ ನಿಲ್ಲುವವರೂ ಇರುವುದಿಲ್ಲ. ಇಪ್ಪತ್ತು ವರ್ಷ ದಿನಾ ನೋಡಿದ ಹುಡುಗನಿಗೆ ಏನಾದರೂ ಆದರೆ ಊರು ಸುಮ್ಮನಿರುವುದಿಲ್ಲ ಅಲ್ವಾ?

ದುಡ್ಡನ್ನೂ ಅಲ್ಲೇ ಕಲಿಸಿ. ಆಟದ ನೋಟು ಬೇಡ, ನಿಜವಾದದ್ದೇ ಕೊಡಿ. ಬಣ್ಣದಿಂದ ಗುರುತಿಸಲಿ: ಐವತ್ತು ನೀಲಿ, ನೂರು ತಿಳಿನೇರಳೆ, ಇನ್ನೂರು ಹಳದಿ. ಲೆಕ್ಕ ಮಾಡಲು ಬರದಿದ್ದರೂ ‘ಹೇಳಿದ ಬೆಲೆಗಿಂತ ದೊಡ್ಡ ನೋಟು ಕೊಡು, ಚಿಲ್ಲರೆ ಬರುವವರೆಗೆ ಅಲ್ಲೇ ನಿಲ್ಲು’ ಅನ್ನುವ ಒಂದು ನಿಯಮ ಸಾಕು, ಅಂಗಡಿ ವ್ಯವಹಾರ ನಡೆಯುತ್ತದೆ. ಬಟವಾಡೆ ದಿನ ಅವನ ದುಡಿಮೆಯ ಪಾಲು ಅಂತ ಸ್ವಲ್ಪ ಅವನ ಕೈಗೆ ಕೊಡಿ. ಅವನಿಗೆ ಬೇಕಾದ್ದನ್ನೇ ಕೊಳ್ಳಲಿ, ನಿಮಗೆ ದಂಡ ಅನ್ನಿಸಿದರೂ.

ತಬ್ಬಿಕೊಳ್ಳುವ ವಿಷಯ. ಐದು ವರ್ಷದವನಿದ್ದಾಗ ಎಲ್ಲರೂ ಮುದ್ದು ಮಾಡಿ ನಾವೇ ಕಲಿಸಿದ್ದು. ಈಗ ಅವನ ತಪ್ಪು ಅಂತೀವಿ. ಮೂರು ವರ್ಷ ಕಳೆದರೆ ಕಾನೂನಿನ ಕಣ್ಣಲ್ಲಿ ಅವನು ದೊಡ್ಡವನು. ಅಪರಿಚಿತ ಹುಡುಗಿಯನ್ನು ತಬ್ಬಿಕೊಂಡರೆ ಪೊಲೀಸರು ಐಕ್ಯೂ ಕೇಳುತ್ತಾ ಕೂರುವುದಿಲ್ಲ. ಇವತ್ತಿನಿಂದ ನಿಯಮ ಒಂದೇ: ಮನೆಯ ನಾಲ್ಕು ಜನರನ್ನು ತಬ್ಬಿಕೊಳ್ಳಬಹುದು, ಉಳಿದವರಿಗೆಲ್ಲ ನಮಸ್ಕಾರ. ಮಾವ, ಚಿಕ್ಕಪ್ಪ, ಮೇಷ್ಟ್ರು ಎಲ್ಲರೂ ಅದನ್ನೇ ಪಾಲಿಸಬೇಕು, ‘ಪರವಾಗಿಲ್ಲ ಬಿಡಿ’ ಅನ್ನಬಾರದು. ಬಟ್ಟೆ ಬದಲಿಸುವುದು, ಸ್ನಾನ ಇವೆಲ್ಲ ಬಾಗಿಲು ಹಾಕಿಕೊಂಡು. ಇದರ ಇನ್ನೊಂದು ಮಗ್ಗುಲೂ ಮುಖ್ಯ. ಯಾರು ಮುಟ್ಟಿದರೂ ಸುಮ್ಮನಿರುವ ಮಕ್ಕಳಿಗೆ ಕೆಟ್ಟವರು ಹುಡುಕಿಕೊಂಡು ಬರುತ್ತಾರೆ. ‘ಬೇಡ’ ಅನ್ನುವುದನ್ನು ಅವನಿಗೆ ಕಲಿಸಿ. ಅವನು ಮನೆಯಲ್ಲಿ ಬೇಡ ಅಂದಾಗ ಅದನ್ನು ಎಲ್ಲ ಸಲವೂ ಹಟ ಎಂದು ಲೆಕ್ಕ ಹಾಕಬೇಡಿ.

ಶಾಲೆ ಮುಗಿದ ಮೇಲೆ ಕೆಲಸಕ್ಕೆ ಮೂರು ದಾರಿ ಕಾಣುತ್ತವೆ. ಪೇಟೆಯ ಕೆಲಸ ಒಂದು. ಬೌದ್ಧಿಕ ಅಂಗವೈಕಲ್ಯವೂ ಸೇರಿ ಬೇರೆಬೇರೆ ಅಂಗವೈಕಲ್ಯ ಇರುವವರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಯಿತು, ಇವತ್ತು ಸುಪ್ರೀಂ ಕೋರ್ಟ್ ಆವರಣದಲ್ಲೂ ಇದೆ. ಹೋಟೆಲ್, ಪ್ಯಾಕಿಂಗ್ ಕಡೆಯೂ ಇವರನ್ನು ತೆಗೆದುಕೊಳ್ಳುವವರಿದ್ದಾರೆ. ಆದರೆ ಹಳ್ಳಿ ಬಿಟ್ಟು ಹೋದರೆ ಉಳಿದುಕೊಳ್ಳುವುದೆಲ್ಲಿ ಎನ್ನುವುದೇ ದೊಡ್ಡ ತೊಡಕು. ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕಾಗದದ ಮೇಲೆ ಇದೆ, ಪರೀಕ್ಷೆಯೂ ಇದೆ. ಅದನ್ನು ನಂಬಿಕೊಂಡು ಕಾಯಬೇಡಿ. ಎರಡನೆಯದು ಹಗಲಿನ ತರಬೇತಿ ಕೇಂದ್ರ ಅಥವಾ ವಸತಿ ಕೇಂದ್ರ. ನೋಡಲು ಹೋದರೆ ಮೂರು ಕೇಳಿ: ಅಂಗವಿಕಲರ ಕಾಯ್ದೆಯಡಿ ನೋಂದಣಿ ಆಗಿದೆಯಾ, ಶಿಕ್ಷಕರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ಕೊಡುವ ಸಿಆರ್‌ಆರ್ ನೋಂದಣಿ ಸಂಖ್ಯೆ ಇದೆಯಾ, ಹೇಳದೆ ಕೇಳದೆ ಬಂದರೆ ಒಳಗೆ ಬಿಡುತ್ತೀರಾ. ಮೂರನೆಯದಕ್ಕೆ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯ ದಾರಿ ನಿಮ್ಮ ಮನೆಯದೇ. ಹಸು, ತೆಂಗು, ಕೊಬ್ಬರಿ. ಅಟ್ಟದ ಕಾಯಿ ಇಳಿಸಿಕೊಡುವುದು, ಸಿಪ್ಪೆ ಒಟ್ಟುವುದು, ಉಂಡೆ ಕೊಬ್ಬರಿಯನ್ನು ದಪ್ಪ–ಸಣ್ಣ ಬೇರೆ ಮಾಡಿ ಚೀಲಕ್ಕೆ ತುಂಬುವುದು ಅವನಿಗೆ ಬರುತ್ತದೆ. ಕಾಯಿ ಸುಲಿಯುವ ಹಾರೆ, ಮಚ್ಚು ಸದ್ಯಕ್ಕೆ ದೂರ ಇರಲಿ. ನನ್ನ ಒಲವು ಇದರ ಕಡೆಗೇ. ಇದರಲ್ಲೂ ಒಂದು ಅಪಾಯ ಇದೆ, ಯಾರೂ ಹೇಳುವುದಿಲ್ಲ. ಮನೆಯ ಕೆಲಸ ಅಂದರೆ ಸಂಬಳ ಇಲ್ಲದ ಆಳಾಗಿಬಿಡುವುದು. ಕರೆದಾಗ ಬಾ, ಹೇಳಿದ್ದು ಮಾಡು, ಊಟ ಮಾಡಿ ಮಲಗು. ಅವನ ಹೆಸರಿನಲ್ಲಿ ಒಂದು ಕೂಲಿ, ಒಂದು ಖಾತೆ, ವಾರಕ್ಕೊಂದು ರಜೆ, ಸಂತೆಗೆ ಹೋಗಲು ಒಬ್ಬ ಗೆಳೆಯ ಇರಬೇಕು.

ಹದಿನೆಂಟರ ಕಾಗದಪತ್ರಕ್ಕೆ ಬರೋಣ. ಹೆತ್ತವರಾದ್ದರಿಂದ ಯಾವಾಗಲೂ ನಾವೇ ಪೋಷಕರು ಎಂದು ಎಲ್ಲರೂ ತಿಳಿದಿರುತ್ತಾರೆ. ಹಾಗಿಲ್ಲ. 18 ತುಂಬಿದ ದಿನ ನಿಮ್ಮ ಸಹಿ ಅವನ ಸಹಿ ಆಗುವುದಿಲ್ಲ. ಬ್ಯಾಂಕಿನಲ್ಲಿ, ಆಸ್ತಿ ವಿಷಯದಲ್ಲಿ ತೊಡಕು ಬರುವುದು ಆಗಲೇ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ನಿಮಗದು ಹಾಸನದಲ್ಲಿ. ಕೋರ್ಟು ಅಲೆಯಬೇಕಿಲ್ಲ. ಪೋಷಕರಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಕೊಡಬೇಕು. ಒಂದೊಂದು ನಿರ್ಧಾರಕ್ಕೆ ಮಾತ್ರ, ಅವನನ್ನೂ ಕೇಳಿಕೊಂಡು ನಡೆಯುವ ಸೀಮಿತ ಪೋಷಕತ್ವ 2016ರ ಕಾಯ್ದೆಯಲ್ಲಿದೆ. ನಿಮ್ಮ ಮನೆಯಲ್ಲಿ ಜಮೀನು ಇರುವುದರಿಂದ ಮೊದಲನೆಯದು ಬೇಕಾಗಬಹುದು. ಪೋಷಕರಾದ ಮಾತ್ರಕ್ಕೆ ಅವನನ್ನು ಕೇಳುವುದು ಬಿಡಬೇಡಿ. ವೋಟರ್ ಐಡಿಯನ್ನೂ ಮಾಡಿಸಿ. ಬುದ್ಧಿಸ್ಥಿಮಿತವಿಲ್ಲ ಎಂದು ಕೋರ್ಟು ಘೋಷಿಸದ ಹೊರತು ಅವನ ಮತ ಅವನದು.

ಜೊತೆಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ, ಒಂದು ಲಕ್ಷದವರೆಗಿನ ನಿರಾಮಯ ಆರೋಗ್ಯ ವಿಮೆ. ಪಂಚಾಯಿತಿಯಲ್ಲಿ ಅಂಗವಿಕಲರಿಗೆ ಎತ್ತಿಟ್ಟ ಶೇ 5ರ ಅನುದಾನದ ಬಗ್ಗೆಯೂ ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ನಿಮ್ಮ ಪಂಚಾಯಿತಿಯಲ್ಲೇ ಇರುತ್ತಾರೆ, ಅವರಿಂದ ಮಾಡಿಸಿಕೊಳ್ಳಿ.

ಅತ್ತೆಯವರಿಗೆ ನೀವು ಎದುರು ಮಾತಾಡಬೇಡಿ, ನಾನು ಹೇಳಿದೆ ಅನ್ನಿ. ಡೌನ್ ಸಿಂಡ್ರೋಮ್ ಹುಟ್ಟುವ ಮೊದಲೇ ಆಗಿರುವಂಥದ್ದು. 21ನೇ ವರ್ಣತಂತು ಎರಡಿರಬೇಕಾದ ಕಡೆ ಮೂರಿರುತ್ತದೆ. ತಾಳಿ ಕಟ್ಟಿದರೆ ಅದು ಎರಡಾಗುವುದಿಲ್ಲ. ಬ್ರಾಹ್ಮಿ, ಟಾನಿಕ್ಕು, ಲಕ್ಷಗಟ್ಟಲೆ ಕೇಳುವ ಸ್ಟೆಮ್ ಸೆಲ್ ಇಂಜೆಕ್ಷನ್ನಿಂದಲೂ ಆಗುವುದಿಲ್ಲ. ಬಡವರ ಮನೆಯ ಹುಡುಗಿಗೆ ಸುಳ್ಳು ಹೇಳಿ ಕರೆತಂದರೆ ಎರಡು ಜೀವ ಹಾಳು. ಅವನಾಗಿಯೇ ಮುಂದೊಂದು ದಿನ ಸಂಗಾತಿ ಬೇಕು ಅಂದರೆ ಆ ಮಾತೇ ಬೇರೆ. ಆಗ ಇಬ್ಬರಿಗೂ ಎಲ್ಲ ಗೊತ್ತಿರಬೇಕು.

ಮಗಳ ಮಾತು ಕೇಳಿ ಕಣ್ಣು ತುಂಬಿ ಬಂತು. ಆದರೆ ಆ ಮಾತನ್ನು ಬಾಂಡ್ ಪೇಪರಿನ ಹಾಗೆ ಹಿಡಿದುಕೊಳ್ಳಬೇಡಿ. ಅವಳಿನ್ನೂ ಓದುವ ಹುಡುಗಿ. ತಮ್ಮನನ್ನು ಪ್ರೀತಿಸುವುದು ಅವಳ ಪಾಲಿಗಿರಲಿ. ಅವನ ಸ್ನಾನ, ಊಟ, ಖರ್ಚು ಅವಳ ತಲೆಗೆ ಬರದಂತೆ ಮಾಡುವುದು ನಿಮ್ಮ ಪಾಲು. ಆಸ್ತಿಯನ್ನು ಪೂರ್ತಿ ಅವನ ಹೆಸರಿಗೆ ಬರೆಯುವುದೂ ಕಷ್ಟ, ‘ಅಕ್ಕ ನೋಡ್ಕೋತಾಳೆ’ ಎಂದು ಬಾಯಿಮಾತಿನಲ್ಲಿ ಅವಳಿಗೆ ಬಿಡುವುದೂ ತಪ್ಪು. ವಕೀಲರನ್ನು ಕಂಡು ಒಂದು ವಿಲ್ ಅಥವಾ ಸಣ್ಣ ಖಾಸಗಿ ಟ್ರಸ್ಟ್ ಮಾಡಿಸಿ. ನೀವಿಬ್ಬರೂ ಗಟ್ಟಿಯಾಗಿರುವಾಗಲೇ ವರ್ಷಕ್ಕೆ ಹದಿನೈದು ದಿನ ಅವನನ್ನು ಚಿಕ್ಕಮ್ಮನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ನೀವಿಲ್ಲದೆ ಬಿಡಿ. ಅಮ್ಮ ಇಲ್ಲದ ರಾತ್ರಿ ಮೊದಲ ಬಾರಿಗೆ ಅಮ್ಮ ಸತ್ತ ದಿನವೇ ಬರಬಾರದು.

ಥೈರಾಯ್ಡ್ ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ. ಡೇರಿಯ ಒಂಬತ್ತು ಹೆಜ್ಜೆಯಲ್ಲಿ ಎಷ್ಟು ಅವನದಾಯಿತು ಅಂತಲೂ ಬರೆಯಿರಿ.